ಜೆಮ್ ಕರಜಾ: ದೇಶ ಕಳೆದುಕೊಂಡ ಹಾಡುಗಾರ ಸಿನಿಮಾದಲ್ಲಿ ಎಷ್ಟು ಸಿಗುತ್ತಾನೆ?

1983ರ ಜನವರಿ 6ರಂದು ಟರ್ಕಿಯ ಮಂತ್ರಿಮಂಡಲದ ತೀರ್ಮಾನವೊಂದು ಜೆಮ್ ಕರಜಾ ಎಂಬ ರಾಕ್ ಗಾಯಕನ ಪೌರತ್ವವನ್ನು ಕಿತ್ತುಕೊಂಡಿತು. ಆಗ ಆತನಿಗೆ 37 ವರ್ಷ, ಇದ್ದದ್ದು ಪಶ್ಚಿಮ ಜರ್ಮನಿಯಲ್ಲಿ. ಗಡಿಪಾರು ಅಂದ ತಕ್ಷಣ ಪೊಲೀಸರು ಗಡಿಯವರೆಗೆ ತಂದು ಆಚೆ ದಬ್ಬುವ ಚಿತ್ರ ನಮ್ಮ ಕಣ್ಣಿಗೆ ಬರುತ್ತದೆ. ಕರಜಾನನ್ನು ಯಾರೂ ದಬ್ಬಲಿಲ್ಲ, 1979ರಲ್ಲಿ ಆತ ತಾನಾಗಿಯೇ ಜರ್ಮನಿಗೆ ಹೋಗಿದ್ದ. ಹಿಂದಿರುಗುವ ದಾರಿಯನ್ನು ಮಾತ್ರ ಕಾಗದ, ಗಡುವು, ಕಲಮು ಇವುಗಳಿಂದ ಒಂದೊಂದಾಗಿ ಮುಚ್ಚುತ್ತ ಬಂದರು. 2024ರಲ್ಲಿ ಆತನ ಬಗ್ಗೆ ಬಂದ "ಜೆಮ್ ಕರಜಾನ ಕಣ್ಣೀರು" ಸಿನಿಮಾದ ಹೆಸರಿನಲ್ಲೇ ಕಣ್ಣೀರಿದೆ. ಕಣ್ಣೀರಿನ ಹಿಂದಿನ ಈ ಕಾಗದಪತ್ರ ಅರ್ಥವಾಗದಿದ್ದರೆ ಆ ಬದುಕೂ ಆ ಸಿನಿಮಾವೂ ಅರ್ಧವಷ್ಟೇ ದಕ್ಕುತ್ತವೆ.

ನಾಟಕದ ಮನೆ, ಸೈನ್ಯದ ದಿನಗಳು

ಕರಜಾ ಹುಟ್ಟಿದ್ದು 1945ರ ಏಪ್ರಿಲ್ 5ರಂದು, ಇಸ್ತಾಂಬುಲ್‌ನಲ್ಲಿ. ತಂದೆ ಮೆಹ್ಮೆತ್ ಕರಜಾ ಅಜೆರ್ಬೈಜಾನ್ ಮೂಲದ ರಂಗನಟ. ತಾಯಿ ಇರ್ಮಾ ಫೆಲೆಕ್ಯಾನ್ ಅರ್ಮೇನಿಯನ್ ಕುಟುಂಬದವರು, ರಂಗಭೂಮಿಯಲ್ಲಿ ತೋತೋ ಕರಜಾ ಎಂದೇ ಪ್ರಸಿದ್ಧರು. ಹುಡುಗ ಓದಿದ್ದು ಅಮೆರಿಕನ್ನರು ಕಟ್ಟಿದ ರಾಬರ್ಟ್ ಕಾಲೇಜಿನಲ್ಲಿ. ಮೊದಮೊದಲು ಹಾಡುತ್ತಿದ್ದದ್ದೂ ಇಂಗ್ಲಿಷ್ ರಾಕ್ ಅಂಡ್ ರೋಲ್ ಹಾಡುಗಳನ್ನೇ. ಆಗಿನ ಇಸ್ತಾಂಬುಲ್‌ನ ಮಧ್ಯಮವರ್ಗದ ಹುಡುಗರ ಪೈಕಿ ಇದರಲ್ಲಿ ವಿಶೇಷವೇನೂ ಇರಲಿಲ್ಲ.

ಬದಲಾವಣೆಗೆ ಎರಡು ಕಾರಣ. ಕಡ್ಡಾಯ ಸೈನಿಕ ಸೇವೆ ಆತನನ್ನು ಸಿರಿಯಾ ಗಡಿಯ ಹತ್ತಿರದ ಅಂತಾಕ್ಯಾಗೆ ಕಳಿಸಿತು. ಹಳ್ಳಿಗಾಡಿನ ಹುಡುಗರ ಜೊತೆ ಇದ್ದು, ಟರ್ಕಿಯ ಏಷ್ಯಾ ಭಾಗವಾದ ಅನತೋಲಿಯಾದ ಜನಪದ ಕವಿಗಳ ಪದಗಳು ಅಲ್ಲಿ ಕಿವಿಗೆ ಬಿದ್ದವು. ಇನ್ನೊಂದು, ಹುರಿಯೆತ್ ಪತ್ರಿಕೆ 1965ರಿಂದ ನಡೆಸತೊಡಗಿದ ಚಿನ್ನದ ಮೈಕ್ರೊಫೋನ್ ಸ್ಪರ್ಧೆ. ಪಾಶ್ಚಾತ್ಯ ವಾದ್ಯಗಳಲ್ಲಿ ಟರ್ಕಿ ಭಾಷೆಯ ಹಾಡನ್ನೋ ಜನಪದ ಧಾಟಿಯನ್ನೋ ಕಟ್ಟಬೇಕು ಎಂಬುದು ಅದರ ಸರಳ ನಿಯಮ. ಅಮೆರಿಕನ್ ಹಾಡಿನ ನಕಲು ಹಾಡಿಕೊಂಡಿದ್ದ ಒಂದು ಇಡೀ ತಲೆಮಾರನ್ನು ಈ ನಿಯಮ ತನ್ನ ಊರಿನ ಹಾಡಿನತ್ತ ತಿರುಗಿಸಿತು. 1967ರಲ್ಲಿ ಕರಜಾ ತನ್ನ ಅಪಾಶ್ಲಾರ್ ತಂಡದೊಂದಿಗೆ ಹತ್ತೊಂಬತ್ತನೇ ಶತಮಾನದ ಕವಿ ಎರ್ಜುರುಮ್‌ನ ಎಮ್ರಾಹ್‌ನ ಪದ್ಯಕ್ಕೆ ರಾಗ ಹಾಕಿ ಹಾಡಿ ಎರಡನೇ ಸ್ಥಾನ ಪಡೆದ. ಮುಂದೆ ಮಗನಿಗೂ ಎಮ್ರಾಹ್ ಎಂದೇ ಹೆಸರಿಟ್ಟ.

ಗಿಟಾರಿಗೂ ಬಾಲಾಮಾಗೂ ಹೊಂದಿಸುವುದು ಹೇಗೆ

ಇದನ್ನು ಮುಂದೆ ಅನತೋಲಿಯನ್ ರಾಕ್ ಅಂದರು. ಕೇಳಲು ಸಲೀಸು, ಕಟ್ಟಲು ಮಾತ್ರ ತಾಪತ್ರಯದ ಸಂಗೀತ ಇದು.

ಬಾಲಾಮಾ ಅಂದರೆ ಅಲ್ಲಿನ ಉದ್ದ ಕತ್ತಿನ ತಂತಿವಾದ್ಯ. ಅದರ ಕತ್ತಿಗೆ ಕಟ್ಟಿದ ಮೆಟ್ಟಿಲುಗಳು (ಫ್ರೆಟ್) ಒಂದು ಸಪ್ತಕಕ್ಕೆ ಸಾಮಾನ್ಯವಾಗಿ 17, ಗಿಟಾರಿನಲ್ಲಿ 12. ಹಾಗಾಗಿ ಜನಪದ ಧಾಟಿಯ ಕೆಲವು ಸ್ವರಗಳು ಗಿಟಾರಿನ ಎರಡು ಮೆಟ್ಟಿಲುಗಳ ನಡುವೆ ಬಿದ್ದುಹೋಗುತ್ತವೆ. ತಂಡಗಳು ಇದಕ್ಕೆ ಕಂಡುಕೊಂಡ ಉಪಾಯಗಳು ಕೆಲವೇ: ಗಿಟಾರಿನ ತಂತಿಯನ್ನು ಎಳೆದು ಆ ಸ್ವರಕ್ಕೆ ಏರಿಸುವುದು, ಆ ಜಾಗ ಬಂದಾಗ ಗಿಟಾರ್ ಸುಮ್ಮನಿದ್ದು ಕಂಠಕ್ಕೆ ಬಿಡುವುದು, ಇಲ್ಲವೇ 12 ಸ್ವರಗಳಲ್ಲೇ ಕೂರುವ ಧಾಟಿಗಳನ್ನು ಮಾತ್ರ ಆರಿಸಿಕೊಳ್ಳುವುದು. ಬಾಲಾಮಾಗೇ ವಿದ್ಯುತ್ ಪಿಕಪ್ ಹಾಕಿ ಡ್ರಮ್ಸ್ ಪಕ್ಕ ನಿಲ್ಲಿಸಿದವರೂ ಇದ್ದರು.

ಕಾರ್ಡುಗಳದ್ದು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳದ್ದು, ಇನ್ನೊಂದು ತಕರಾರು. ಈ ಧಾಟಿಗಳು ಒಂದೇ ಎಳೆಯವು, ಕೆಳಗೆ ಕಾರ್ಡು ಬೇಡುವುದೇ ಇಲ್ಲ. ಪಾಶ್ಚಾತ್ಯ ಪದ್ಧತಿಯ ಮೂರು ಸ್ವರದ ಕಾರ್ಡನ್ನು ಒತ್ತಿದರೆ ಧಾಟಿಯ ಮುಖವೇ ಬದಲಾಗಿ ಅದು ಹೋಟೆಲಿನ ಆರ್ಕೆಸ್ಟ್ರಾದಂತೆ ಕೇಳತೊಡಗುತ್ತದೆ. ಒಳ್ಳೆಯ ತಂಡಗಳು ಷಡ್ಜ ಪಂಚಮಗಳನ್ನಷ್ಟೇ ಇಟ್ಟುಕೊಂಡು, ಬೇಸ್ ಗಿಟಾರಿನಲ್ಲಿ ಒಂದೇ ಸ್ವರವನ್ನು ಶ್ರುತಿಯಂತೆ ಹಿಡಿದವು. ಐದು, ಏಳು, ಒಂಬತ್ತರ ಕುಂಟು ತಾಳಗಳನ್ನು ಡ್ರಮ್ಮರುಗಳು ಮದುವೆಯ ವಾದ್ಯದವರಿಂದ ಕಲಿತರು. ಕರ್ನಾಟಕ ಸಂಗೀತದ ಖಂಡ, ಮಿಶ್ರ, ಸಂಕೀರ್ಣ ನಡೆಗಳು ಗೊತ್ತಿದ್ದವರಿಗೆ ಈ ಲೆಕ್ಕ ಹಿಡಿಯುವುದು ಕಷ್ಟವಲ್ಲ.

ಕರಜಾ ಸ್ವತಃ ವಾದ್ಯಗಾರನಾಗಿ ದೊಡ್ಡವನಲ್ಲ, ಆತನ ಬಂಡವಾಳ ಕಂಠ. ತುಂಬಿದ, ಎದೆಯಿಂದ ಬರುವ ದನಿ. ಅರ್ಧ ಹಾಡು, ಅರ್ಧ ರಂಗದ ಮಾತು. ರಕಾರವನ್ನು ಉರುಳಿಸಿ ಹೇಳುವ ರೀತಿಯಲ್ಲೇ ನಾಟಕದ ಮನೆಯಲ್ಲಿ ಬೆಳೆದವನೆಂದು ಗೊತ್ತಾಗುತ್ತದೆ. ಆತನ ತಂಡಗಳು ಎರಡು ಮೂರು ವರ್ಷಕ್ಕೊಮ್ಮೆ ಬದಲಾದವು: 1969ರಿಂದ ಕರ್ದಾಶ್ಲಾರ್, 1972ರಿಂದ ಮೋಲ್ಲಾರ್, 1974ರಿಂದ ದೆರ್ವಿಶಾನ್, 1978ರಲ್ಲಿ ಎದಿರ್ದಹಾನ್. 1972ರಲ್ಲಂತೂ ಎರಡು ತಂಡಗಳು ಗಾಯಕರನ್ನೇ ಅದಲುಬದಲು ಮಾಡಿಕೊಂಡವು. ಕರಜಾ ಮೋಲ್ಲಾರ್‌ಗೆ ಹೋದ, ಅಲ್ಲಿದ್ದ ಎರ್ಸೆನ್ ಕರ್ದಾಶ್ಲಾರ್‌ಗೆ ಬಂದ.

ಹಾಡು ಕಾನೂನಿಗೆ ಸಿಕ್ಕ ಬಗೆ

1970ರಲ್ಲಿ ಕರ್ದಾಶ್ಲಾರ್ ಜೊತೆ ಹಾಡಿದ "ದಾದಾಲೋಲು" ಮೇಲ್ನೋಟಕ್ಕೆ ಹಳೆಯ ಜನಪದ. ದಾದಾಲೋಲು ತೋರಸ್ ಬೆಟ್ಟಸಾಲಿನ ಅಲೆಮಾರಿ ಅವ್ಶಾರ್ ಬುಡಕಟ್ಟಿನ ಕವಿ. 1865ರಲ್ಲಿ ಒಟ್ಟೊಮನ್ ಸರ್ಕಾರ ಸೈನ್ಯ ಕಳಿಸಿ ಈ ಅಲೆಮಾರಿಗಳನ್ನು ಬಲವಂತವಾಗಿ ಬಯಲಿನಲ್ಲಿ ನೆಲೆಗೊಳಿಸಿತು. ಫರ್ಮಾನು ಸುಲ್ತಾನನದ್ದು, ಬೆಟ್ಟ ನಮ್ಮದು ಎಂಬ ಅರ್ಥದ ಆತನ ಸಾಲು ಆಗಲೇ ಜನರ ಬಾಯಲ್ಲಿತ್ತು. 1970ರ ವಿದ್ಯಾರ್ಥಿಗಳು ಅದನ್ನು ಯಾವ ಸುಲ್ತಾನನಿಗೆ ಅನ್ವಯಿಸಿಕೊಂಡರು ಎಂದು ಬಿಡಿಸಿ ಹೇಳಬೇಕಿಲ್ಲ. ಹಳೆಯ ಕವಿಯ ಹೆಸರಿದ್ದುದರಿಂದ ಹಾಡಿದವನ ಮೇಲೆ ಕೇಸು ಹಾಕುವುದು ಕಷ್ಟ.

1975ರ "ತಾಮಿರ್ಜಿ ಚಿರಾಯಿ" ಬಂದಾಗ ಆ ರಕ್ಷಣೆಯೂ ಹೋಯಿತು. ಗ್ಯಾರೇಜಿನ ಕೆಲಸದ ಹುಡುಗನೊಬ್ಬ ಕಾರು ರಿಪೇರಿಗೆ ಬಂದ ಶ್ರೀಮಂತ ಹುಡುಗಿಗೆ ಮನಸೋಲುತ್ತಾನೆ. ಇಂಥ ಕಥೆಯನ್ನು ಕಾದಂಬರಿಯೊಂದರಲ್ಲಿ ಓದಿದ್ದಾನೆ. ಆಕೆ ಮತ್ತೆ ಬರುವ ದಿನ ಕೆಲಸದ ಬಟ್ಟೆ ಹಾಕದೆ ತಲೆ ಬಾಚಿ ಕಾಯುತ್ತಾನೆ, ಕಾರಿನ ಬಾಗಿಲು ತೆರೆದು ಹಿಡಿಯುತ್ತಾನೆ. ಆಕೆ ಹುಬ್ಬು ಏರಿಸಿ ಇವನ್ಯಾರು ಪೋಲಿ ಅನ್ನುತ್ತಾಳೆ. ಕಾರು ಹೊಗೆ ಉಗುಳಿ ಹೋಗುತ್ತದೆ. ಮೇಸ್ತ್ರಿ ಬಂದು ಬೆನ್ನು ತಟ್ಟಿ, ಕಾದಂಬರಿ ಮರೆತು ಕೆಲಸದ ಬಟ್ಟೆ ಹಾಕಿಕೋ, ನೀನು ಕೂಲಿಯವನು, ಕೂಲಿಯವನಾಗಿಯೇ ಇರು ಎನ್ನುತ್ತಾನೆ. ಇಡೀ ಹಾಡಿನಲ್ಲಿ ಒಂದು ಘೋಷಣೆಯೂ ಇಲ್ಲ. ಕರಜಾ ಹಾಡಿದ್ದರಲ್ಲಿ ಅತ್ಯಂತ ರಾಜಕೀಯವಾದದ್ದು ನನ್ನ ಮಟ್ಟಿಗೆ ಇದೇ.

ರಾಜ್ಯದ ಕಣ್ಣಿಗೆ ಬಿದ್ದದ್ದು ಮಾತ್ರ 1977ರ ಮೇ ದಿನದ ಹಾಡು. ಸಾರ್ಪೆರ್ ಒಜ್ಸಾನ್ 1974ರಲ್ಲಿ ಜರ್ಮನ್ ನಾಟಕಕಾರ ಬ್ರೆಕ್ಟ್‌ನ ನಾಟಕವೊಂದರ ಅಂಕಾರಾ ಪ್ರಯೋಗಕ್ಕಾಗಿ ಅದನ್ನು ರಚಿಸಿದ್ದರು. ಕರಜಾ ಮತ್ತು ದೆರ್ವಿಶಾನ್ ಅದನ್ನು ಪ್ಲೇಟಾಗಿ ತಂದದ್ದು 1977ರಲ್ಲಿ. ಅದೇ ವರ್ಷ ಮೇ 1ರಂದು ಇಸ್ತಾಂಬುಲ್‌ನ ತಕ್ಸಿಮ್ ಚೌಕದಲ್ಲಿ ಸೇರಿದ್ದ ಲಕ್ಷಾಂತರ ಕಾರ್ಮಿಕರ ಮೇಲೆ ಗುಂಡು ಹಾರಿತು, ಕಾಲ್ತುಳಿತವಾಯಿತು, 30ಕ್ಕೂ ಹೆಚ್ಚು ಜನ ಸತ್ತರು. ಕರಜಾನ ಮೇಲೆ ದಂಡಸಂಹಿತೆಯ 142ನೇ ಕಲಮಿನಡಿ ಮೊಕದ್ದಮೆ ಬಿತ್ತು. ಒಂದು ವರ್ಗ ಇನ್ನೊಂದರ ಮೇಲೆ ಪ್ರಭುತ್ವ ಸಾಧಿಸಬೇಕೆಂದು ಪ್ರಚಾರ ಮಾಡುವುದನ್ನು ಅಪರಾಧವಾಗಿಸಿದ ಈ ಕಲಮನ್ನು ಟರ್ಕಿ ಮುಸೊಲಿನಿಯ ಕಾಲದ ಇಟಲಿಯಿಂದ ಎತ್ತಿಕೊಂಡಿತ್ತು. ರದ್ದಾದದ್ದು 1991ರಲ್ಲಿ.

ಇಲ್ಲಿ ಇನ್ನೊಂದು ಸಂಗತಿ ಗೊತ್ತಿರಬೇಕು. ಆಗ ರೇಡಿಯೊ, ಟೀವಿ ಎರಡೂ ಸರ್ಕಾರಿ ಸಂಸ್ಥೆಯಾದ ಟಿಆರ್‌ಟಿಯ ಏಕಸ್ವಾಮ್ಯ. ಅದರ ಪರಿಶೀಲನಾ ಮಂಡಳಿ ಒಪ್ಪದ ಹಾಡು ಪ್ರಸಾರವಾಗುವಂತಿಲ್ಲ. ಇಂಥ ಹಾಡುಗಳು ಹಬ್ಬಿದ್ದು 45 ಆರ್‌ಪಿಎಮ್ ಪ್ಲೇಟುಗಳಿಂದ, ಕ್ಯಾಸೆಟ್ಟುಗಳಿಂದ, ಕಛೇರಿಗಳಿಂದ. ಸಣ್ಣ ಪ್ಲೇಟಿನ ಒಂದು ಬದಿಗೆ ನಾಲ್ಕೈದು ನಿಮಿಷವೇ ಮಿತಿ, ಕಥೆ ಹೇಳುವ ಹಾಡುಗಾರ ಅಷ್ಟರಲ್ಲಿ ಮುಗಿಸಬೇಕು. 1978ರಲ್ಲಿ ಎದಿರ್ದಹಾನ್ ಜೊತೆ ಆತ ಆ ಮಿತಿ ಬಿಟ್ಟು, ಬಡ ಹುಡುಗಿಯೊಬ್ಬಳ ಕಥೆಯನ್ನು "ಸಾಫಿನಾಜ್" ಎಂಬ ಸುಮಾರು 18 ನಿಮಿಷದ ರಾಕ್ ನಾಟಕವಾಗಿಸಿದ. ದೊಡ್ಡ ಪ್ಲೇಟಿನ ಒಂದು ಬದಿ ಪೂರ್ತಿ ಅದಕ್ಕೇ ಹೋಯಿತು.

ಪೌರತ್ವ ಕಳೆಯುವ ಕ್ರಮ

1978ರ ಡಿಸೆಂಬರಿನಲ್ಲಿ, ಮರಾಶ್ ನಗರದಲ್ಲಿ ಅಲೇವಿ ಪಂಗಡದವರ ಹತ್ಯಾಕಾಂಡ ನಡೆದ ಬೆನ್ನಿಗೇ, ಇಸ್ತಾಂಬುಲ್ ಸೇರಿ 13 ಪ್ರಾಂತಗಳಲ್ಲಿ ಸೈನಿಕ ಕಾನೂನು ಜಾರಿಯಾಯಿತು. ಕರಜಾ ಜರ್ಮನಿಗೆ ಹೋದದ್ದು ಇದಾದ ಮೇಲೆ. 1980ರ ಸೆಪ್ಟೆಂಬರ್ 12ರ ಸೈನಿಕ ದಂಗೆ ನಡೆದಾಗ ಆತ ಇನ್ನೂ ಅಲ್ಲೇ ಇದ್ದ. ಆಮೇಲೆ ನಡೆದದ್ದು ಮೆಟ್ಟಿಲು ಮೆಟ್ಟಿಲಾಗಿ ನಡೆಯಿತು, ಇಂಥ ಸಾಕಷ್ಟು ಜನರ ವಿಷಯದಲ್ಲೂ ಅದೇ ಕ್ರಮ.

ಮೊದಲು ಸೈನಿಕ ನ್ಯಾಯಾಲಯ ಬಂಧನದ ಆದೇಶ ಹೊರಡಿಸುತ್ತದೆ. ಆಮೇಲೆ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತದೆ. ರಾಯಭಾರ ಕಚೇರಿ ಅದನ್ನು ನವೀಕರಿಸುವುದಿಲ್ಲ, ಊರಿಗೆ ಮರಳಲು ಮಾತ್ರ ಕಾಗದ ಕೊಡುತ್ತೇವೆ ಎನ್ನುತ್ತದೆ. ಆ ಕಾಗದ ಹಿಡಿದು ಇಳಿದರೆ ವಿಮಾನ ನಿಲ್ದಾಣದಲ್ಲೇ ಬಂಧನ. ಮುಂದಿನದು "ತಾಯ್ನಾಡಿಗೆ ಮರಳಿ" ಎಂಬ ಬಹಿರಂಗ ಕರೆ. 1964ರ ಪೌರತ್ವ ಕಾಯ್ದೆ ಸಂಖ್ಯೆ 403ರ 25ನೇ ಕಲಮಿಗೆ ಸೈನಿಕ ಸರ್ಕಾರ 1981ರ ಫೆಬ್ರವರಿಯಲ್ಲಿ ಹೊಸದೊಂದು ಉಪಕಲಮು ಸೇರಿಸಿತು. ವಿದೇಶದಲ್ಲಿದ್ದು ದೇಶದ ಭದ್ರತೆಗೆ ವಿರುದ್ಧವಾಗಿ ನಡೆದುಕೊಂಡ ಆರೋಪವಿರುವವರು ಕರೆ ಬಂದ ಮೂರು ತಿಂಗಳೊಳಗೆ ಮರಳದಿದ್ದರೆ ಪೌರತ್ವ ರದ್ದು. ಸೈನಿಕ ಕಾನೂನು ಜಾರಿಯಲ್ಲಿದ್ದರೆ ಗಡುವು ಒಂದೇ ತಿಂಗಳು. ದೇಶದಲ್ಲಿ ಆಗ ಸೈನಿಕ ಕಾನೂನೇ ಇದ್ದದ್ದರಿಂದ ಆ ಮೂರು ತಿಂಗಳು ಪುಸ್ತಕದಲ್ಲೇ ಉಳಿಯಿತು. ಕೊನೆಯ ಮಾತು ಮಂತ್ರಿಮಂಡಲದ್ದು. ಅಪರಾಧ ಸಾಬೀತಾಗಬೇಕೆಂದಿಲ್ಲ, ನ್ಯಾಯಾಧೀಶರು ಬೇಕಿಲ್ಲ, ಬಾರದಿರುವುದೇ ಪುರಾವೆ.

ಇದರ ಕ್ರೌರ್ಯ ಎಲ್ಲಿದೆ ನೋಡಿ. ಮರಳಿದರೆ ಜೈಲು, ಚಿತ್ರಹಿಂಸೆ. ಮರಳದಿದ್ದರೆ ದೇಶದ ಮೇಲೆ ನಿಷ್ಠೆಯಿಲ್ಲ ಎಂದು ತಾನೇ ಒಪ್ಪಿಕೊಂಡಂತೆ. ಕರಜಾನ ತಂದೆ 1980ರಲ್ಲಿ ತೀರಿಕೊಂಡರು, ಮಗನಿಗೆ ಮಣ್ಣಿಗೆ ಹೋಗಲಾಗಲಿಲ್ಲ.

ದಂಗೆಯ ನಂತರ ಸುಮಾರು 14 ಸಾವಿರ ಜನ ಪೌರತ್ವ ಕಳೆದುಕೊಂಡರೆಂಬುದು ಟರ್ಕಿಯಲ್ಲಿ ಎಲ್ಲರೂ ಉಲ್ಲೇಖಿಸುವ ಸಂಖ್ಯೆ. ಸೈನ್ಯದ ಕರೆಗೆ ಹೋಗದವರೂ ಇದರಲ್ಲಿ ಸೇರಿದ್ದಾರೆ, ಎಲ್ಲರೂ ರಾಜಕೀಯದವರಲ್ಲ. ಕಲಾವಿದರಲ್ಲಿ ಕರಜಾನ ಜೊತೆಗೆ ಚಿತ್ರ ನಿರ್ದೇಶಕ ಯಿಲ್ಮಾಜ್ ಗುನೆಯ್, ಗಾಯಕಿ ಮೆಲಿಕೆ ದೆಮಿರಾ, ಸಂಗೀತಗಾರ ಶಾನಾರ್ ಯುರ್ದಾತಪಾನ್ ಇದ್ದರು. ಗುನೆಯ್ 1984ರಲ್ಲಿ ಪ್ಯಾರಿಸ್‌ನಲ್ಲೇ ತೀರಿಕೊಂಡ. ಗಾಯಕಿ ಸೆಲ್ದಾ ಬಾಜಾನ್ ವಿಷಯದಲ್ಲಿ ನಡೆದದ್ದು ಇದರ ತಿರುವುಮುರುವು. ಆಕೆ ದೇಶದಲ್ಲೇ ಇದ್ದರು. ಮೂರು ಬಾರಿ ಜೈಲಿಗೆ ಹಾಕಿ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು, 1987ರವರೆಗೆ ಹೊರಗೆ ಹೋಗಲು ಬಿಡಲಿಲ್ಲ. ಒಬ್ಬನಿಗೆ ಒಳಬರುವ ಬಾಗಿಲು ಮುಚ್ಚಿತು, ಇನ್ನೊಬ್ಬರಿಗೆ ಹೊರಹೋಗುವ ಬಾಗಿಲು.

ಜರ್ಮನಿಯ ವರ್ಷಗಳು

ಪಶ್ಚಿಮ ಜರ್ಮನಿ 1961ರ ಒಪ್ಪಂದದ ಮೂಲಕ ಟರ್ಕಿಯಿಂದ ಕೂಲಿಗಳನ್ನು ಕರೆಸಿಕೊಂಡು, 1973ರಲ್ಲಿ ತೈಲ ಬಿಕ್ಕಟ್ಟಿನ ಹೊತ್ತಿಗೆ ನಿಲ್ಲಿಸಿತು. ಬಂದವರು ಹೆಂಡತಿ ಮಕ್ಕಳನ್ನು ಕರೆಸಿಕೊಂಡು ನೆಲೆಯೂರಿದರು. ಎಂಬತ್ತರ ದಶಕದಲ್ಲಿ ಅವರು ಬೇಡವಾದರು. 1983ರ ಕೊನೆಯಲ್ಲಿ ಬಂದ ಕಾನೂನು, ಕೆಲಸ ಕಳೆದುಕೊಂಡು ಊರಿಗೆ ಮರಳಲು ಒಪ್ಪುವ ಕಾರ್ಮಿಕನಿಗೆ 10,500 ಮಾರ್ಕ್, ಮಗುವೊಂದಕ್ಕೆ 1,500 ಮಾರ್ಕ್ ಕೊಡುವುದಾಗಿ ಹೇಳಿತು. ಊರಿಗೆ ಹೋಗಲು ಹಣ ಕೊಡುತ್ತೇವೆ ಎನ್ನುವ ದೇಶದಲ್ಲಿ, ಊರಿಗೆ ಹೋಗುವ ಹಾಗೇ ಇಲ್ಲದ ಒಬ್ಬ ಹಾಡುಗಾರ!

1984ರಲ್ಲಿ ಆತ ಜರ್ಮನ್ ಭಾಷೆಯಲ್ಲೇ ಒಂದು ಆಲ್ಬಂ ತಂದ. ಅದರ ಹೆಸರು "ದಿ ಕನಾಕೆನ್", ವಲಸಿಗರನ್ನು ಹೀಗಳೆಯುವ ಬೈಗುಳ. ಅದನ್ನೇ ಎತ್ತಿ ತನ್ನ ತಂಡಕ್ಕೆ ಪಟ್ಟಿಯಾಗಿ ಕಟ್ಟಿಕೊಂಡ. ಕೆಲಸದ ಕೈಗಳನ್ನು ಕರೆದೆವು, ಬಂದದ್ದು ಮನುಷ್ಯರು ಎಂಬ ಸ್ವಿಸ್ ಲೇಖಕ ಮ್ಯಾಕ್ಸ್ ಫ್ರಿಶ್‌ನ 1965ರ ಮಾತಿನಿಂದ ಹುಟ್ಟಿದ ಹಾಡೂ ಅದರಲ್ಲಿದೆ. ವಲಸೆಯ ಹಾಡುಗಳು ಸಾಮಾನ್ಯವಾಗಿ ಊರಿನವರನ್ನು ನೆನೆದು ಹಾಡುವಂಥವು, ಇವು ಎದುರು ನಿಂತ ಜರ್ಮನ್ನನ ಮುಖಕ್ಕೇ ಹಾಡಿದವು. ಕರಜಾನ ಟರ್ಕಿ ಅಭಿಮಾನಿಗಳಲ್ಲೇ ಬಹಳ ಜನ ಈ ಆಲ್ಬಂ ಕೇಳಿಲ್ಲ, ಅದು ದೊಡ್ಡ ನಷ್ಟ.

ಮರಳಿ ಬಂದದ್ದು, ಬೈಸಿಕೊಂಡದ್ದು

1985ರಲ್ಲಿ ಕರಜಾ ಮ್ಯೂನಿಕ್‌ನಲ್ಲಿ ಟರ್ಕಿಯ ಪ್ರಧಾನಿ ತುರ್ಗುತ್ ಒಜಾಲ್‌ನನ್ನು ಭೇಟಿಯಾದ. 1987ರ ಜೂನ್ 29ರಂದು ಇಸ್ತಾಂಬುಲ್‌ಗೆ ಮರಳಿದ, ಅದೇ ವರ್ಷ ಹೊಸ ಆಲ್ಬಂ ಬಂತು. ಒಜಾಲ್ ಯಾಕೆ ಒಪ್ಪಿದ ಎಂಬುದಕ್ಕೆ ದಿನಾಂಕಗಳನ್ನು ನೋಡಿದರೆ ಸುಳಿವು ಸಿಗುತ್ತದೆ. 1987ರ ಜನವರಿಯಲ್ಲಿ ಟರ್ಕಿ ತನ್ನ ಪ್ರಜೆಗಳು ಯುರೋಪಿನ ಮಾನವ ಹಕ್ಕು ಆಯೋಗಕ್ಕೆ ದೂರು ಕೊಡಬಹುದೆಂದು ಒಪ್ಪಿತು. ಏಪ್ರಿಲ್ 14ರಂದು ಯುರೋಪಿಯನ್ ಸಮುದಾಯದ ಪೂರ್ಣ ಸದಸ್ಯತ್ವಕ್ಕೆ ಅರ್ಜಿ ಹಾಕಿತು. ಹಾಡುಗಾರನೊಬ್ಬನನ್ನು ಊರೊಳಗೆ ಬಿಡಲೊಲ್ಲದ ದೇಶಕ್ಕೆ ಆ ಅರ್ಜಿ ಶೋಭಿಸುತ್ತಿರಲಿಲ್ಲ.

ಎಡಪಂಥೀಯರು ಸಿಟ್ಟಾದರು. ದಂಗೆಯ ಆರ್ಥಿಕ ನೀತಿಯನ್ನು ರೂಪಿಸಿದವನೇ ಒಜಾಲ್, ಅವನ ಕೈ ಹಿಡಿದು ಬಂದವನು ಪಕ್ಷ ಬದಲಿಸಿದವನು ಎಂದರು. ಜೈಲಿನಲ್ಲಿ ಇನ್ನೂ ಜನರಿದ್ದರು. ದೆಮಿರಾ ಮತ್ತು ಯುರ್ದಾತಪಾನ್ ಮರಳಿದ್ದು ತೊಂಬತ್ತರ ದಶಕದ ಆರಂಭದಲ್ಲಿ, ಪೌರತ್ವ ಕಸಿಯುವ ಆ ಉಪಕಲಮು ರದ್ದಾದದ್ದು 1992ರಲ್ಲಿ. ಕಾದವರಿಗೆ ಕರಜಾನ ಅವಸರ ಚುಚ್ಚಿತು. ಎಂಟು ವರ್ಷ ಊರು ಕಾಣದವನಿಗೆ, ಮಗ ಬೆಳೆದದ್ದು ನೋಡದವನಿಗೆ ಇನ್ನೂ ಐದು ವರ್ಷ ಕಾಯಿರಿ ಎಂದು ಹೇಳುವ ಹಕ್ಕು ಯಾರಿಗಿತ್ತು ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು. 1992ರ ಆಲ್ಬಮ್ಮಿಗೆ "ಎಲ್ಲಿಗೆ ನಿಲ್ಲಿಸಿದ್ದೆವು?" ಎಂಬ ಅರ್ಥದ ಹೆಸರಿಟ್ಟ. ಬೂಟುಗಾಲಿನ ಸದ್ದನ್ನು ಗೇಲಿ ಮಾಡುವ "ರಪ್ತಿಯೆ ರಪ್ ರಪ್" ಹಾಡು ಅದರಲ್ಲಿದೆ. ಪಕ್ಷ ಬದಲಿಸಿದವನು ಹಾಡುವ ಹಾಡಲ್ಲ ಅದು. ಕರಜಾ ತೀರಿಕೊಂಡದ್ದು 2004ರ ಫೆಬ್ರವರಿ 8ರಂದು, ಮಣ್ಣು ಮಾಡಿದ್ದು ಇಸ್ತಾಂಬುಲ್‌ನ ಕರಜಾಅಹ್ಮೆತ್ ಸ್ಮಶಾನದಲ್ಲಿ.

ಪರದೆಯ ಮೇಲೆ

2018ರಲ್ಲಿ ಗಾಯಕ ಮುಸ್ಲುಮ್ ಗುರ್ಸೆಸ್ ಬದುಕಿನ ಸಿನಿಮಾವನ್ನು ಟರ್ಕಿಯ ಚಿತ್ರಮಂದಿರಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಅಲ್ಲಿಂದ ಹಾಡುಗಾರರ ಜೀವನಚಿತ್ರಗಳ ಸಾಲೇ ಶುರುವಾಯಿತು. 2024ರ "ಜೆಮ್ ಕರಜಾನ ಕಣ್ಣೀರು" ಆ ಸಾಲಿನದು. ನಿರ್ದೇಶಕ ಯುಕ್ಸೆಲ್ ಅಕ್ಸು, ಕರಜಾ ಪಾತ್ರದಲ್ಲಿ ಇಸ್ಮಾಯಿಲ್ ಹಾಜಿಓಲು, ತಂದೆಯಾಗಿ ಫಿಕ್ರೆತ್ ಕುಶ್ಕಾನ್, ತಾಯಿಯಾಗಿ ಯಾಸೆಮಿನ್ ಯಾಲ್ಚಿನ್. ಹೆಸರು ಬಂದದ್ದು 1968ರಲ್ಲಿ ಅಪಾಶ್ಲಾರ್ ಜೊತೆ ಹಾಡಿದ, ಪಟದಲ್ಲಿರುವ ಕಣ್ಣೀರಿನ ಕುರಿತ ಪ್ರೇಮಗೀತೆಯಿಂದ. ಹೆಸರಿನ ಆಯ್ಕೆಯಲ್ಲೇ ಚಿತ್ರದ ಒಲವು ಗೊತ್ತಾಗುತ್ತದೆ: ಮೇ ದಿನದ ಕರಜಾಗಿಂತ ಅಪ್ಪ, ಅಮ್ಮ, ಮಗನ ಕರಜಾ.

ಇಂಥ ಚಿತ್ರ ತೆಗೆಯುವವರಿಗೆ ಎದುರಾಗುವ ತೊಡಕುಗಳಲ್ಲಿ ಹಕ್ಕುಗಳದ್ದು ದೊಡ್ಡದು. ಒಂದು ಹಾಡಿಗೆ ಸಾಹಿತ್ಯ, ರಾಗ, ಧ್ವನಿಮುದ್ರಣ ಎಂದು ಮೂರು ಬೇರೆ ಬೇರೆ ಹಕ್ಕು. ದಾದಾಲೋಲುವಿನ ಪದ್ಯಕ್ಕೆ ಯಾರಪ್ಪಣೆಯೂ ಬೇಡ, ಆದರೆ 1970ರ ಧ್ವನಿಮುದ್ರಣಕ್ಕೆ ಬೇಕು. ಕರಜಾ ಹಾಡಿದ ನಾಜಿಮ್ ಹಿಕ್ಮತ್‌ನ ಕವಿತೆಗಳು, ಕವಿ ಸತ್ತ 1963ರಿಂದ 70 ವರ್ಷ, ಅಂದರೆ 2033ರವರೆಗೆ, ವಾರಸುದಾರರ ಹಕ್ಕು. ಒಂದು ಎಳೆಗೆ ಒಪ್ಪಿಗೆ ಸಿಗದಿದ್ದರೂ ಹಾಡೇ ಚಿತ್ರದಿಂದ ಹೊರಗೆ. ಹಾಗಾಗಿ ಜೀವನಚಿತ್ರದಲ್ಲಿ ಯಾವ ಹಾಡು ಇದೆ, ಯಾವುದಿಲ್ಲ ಎಂಬುದನ್ನು ನಿರ್ದೇಶಕನ ಅಭಿರುಚಿ ಎಂದಷ್ಟೇ ಓದಬಾರದು.

ಕಾಲದ್ದು ಇನ್ನೊಂದು ತೊಡಕು. ಹನ್ನೆರಡು ವರ್ಷದಲ್ಲಿ ಐದು ತಂಡ, ಹತ್ತಾರು ವಾದ್ಯಗಾರರು. ಎರಡು ಗಂಟೆಯ ಚಿತ್ರ ಅವರನ್ನೆಲ್ಲ ಒಂದೆರಡು ಮುಖಗಳಿಗೆ ಇಳಿಸದೆ ಗತಿಯಿಲ್ಲ. ನೋಡುವಾಗ ದೃಶ್ಯದ ಕಾಲ ಗೊತ್ತಾಗದಿದ್ದರೆ ಹಾಡನ್ನು ಹಿಡಿಯಿರಿ. "ನಾಮುಸ್ ಬೆಲಾಸಿ" ಕೇಳಿದರೆ 1974, ಗ್ಯಾರೇಜಿನ ಹುಡುಗನಾದರೆ 1975, ಮೇ ದಿನವಾದರೆ 1977.

ತಂದೆ ಸತ್ತ ಸುದ್ದಿ ಫೋನಿನಲ್ಲಿ ಬಂದರೆ ಅದು ದೃಶ್ಯ. ಕಾಯ್ದೆಗೆ ಒಂದು ಉಪಕಲಮು ಸೇರಿದರೆ ಅದನ್ನು ಕ್ಯಾಮೆರಾ ಎಲ್ಲಿಂದ ಹಿಡಿಯಬೇಕು? ಜೀವನಚಿತ್ರಗಳು ಇದಕ್ಕೆ ಒಬ್ಬ ಕಟುಕ ಅಧಿಕಾರಿಯನ್ನೋ ಒಂದು ರೇಡಿಯೊ ವಾರ್ತೆಯನ್ನೋ ತಂದು ಮುಗಿಸುತ್ತವೆ. ಆಗ ಗಡಿಪಾರು ಕೆಟ್ಟವನೊಬ್ಬನ ಕೆಲಸದಂತೆ ಕಾಣುತ್ತದೆ, ಸಾವಿರಾರು ಜನರನ್ನು ಒಂದೇ ಅಚ್ಚಿನಲ್ಲಿ ಹೊರಗಿಟ್ಟ ವ್ಯವಸ್ಥೆಯಾಗಿ ಕಾಣುವುದಿಲ್ಲ. 1987ರ ಮರಳುವಿಕೆಯ ಕಷ್ಟವೂ ಅಂಥದ್ದೇ. ಮಗ ತಾಯಿಯನ್ನು ತಬ್ಬಿಕೊಂಡಲ್ಲಿಗೆ ನಿಲ್ಲಿಸಿದರೆ ಪ್ರೇಕ್ಷಕನಿಗೆ ಸಮಾಧಾನ, ಆಮೇಲಿನ ಬೈಗುಳಗಳ ಹದಿನೇಳು ವರ್ಷ ಕಥೆಯಿಂದ ಆಚೆ ಉಳಿಯುತ್ತದೆ.

ಈ ಕೊರತೆಯನ್ನು ತುಂಬಿಕೊಳ್ಳಲು ಜೆಮ್ ಕಾಯಾ ಎಂಬ ನಿರ್ದೇಶಕನ 2022ರ ಸಾಕ್ಷ್ಯಚಿತ್ರ "ಆಶ್ಕ್, ಮಾರ್ಕ್ ವೆ ಓಲ್ಯುಮ್" ನೋಡಬಹುದು. ಪ್ರೇಮ, ಮಾರ್ಕ್, ಸಾವು ಎಂದು ಹೆಸರಿನ ಅರ್ಥ. ಜರ್ಮನಿಗೆ ಹೋದ ಟರ್ಕಿ ಕಾರ್ಮಿಕರ ಅರವತ್ತು ವರ್ಷಗಳ ಸಂಗೀತದ ಕಥೆ ಅದು, ಬರ್ಲಿನ್ ಚಿತ್ರೋತ್ಸವದ ಪನೋರಮಾ ವಿಭಾಗದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು. ಹಳೆಯ ಟೀವಿ ತುಣುಕುಗಳಲ್ಲಿ ಕರಜಾ ಅಲ್ಲಿ ಖುದ್ದಾಗಿ ಬರುತ್ತಾನೆ. ಮೊದಲು ಅದನ್ನು ನೋಡಿ, ಆಮೇಲೆ 2024ರ ಚಿತ್ರಕ್ಕೆ ಕೂತರೆ ನಟ ಎಲ್ಲಿ ಕರಜಾನ ದನಿಗೆ ಹತ್ತಿರ ಹೋಗಿದ್ದಾನೆ, ಎಲ್ಲಿ ಮೀಸೆ ಮತ್ತು ಕೂದಲಿಗಷ್ಟೇ ನಿಂತಿದ್ದಾನೆ ಎಂದು ನೀವೇ ಹೇಳಬಲ್ಲಿರಿ. ಟರ್ಕಿ ಭಾಷೆ ಬಾರದವರು ಹಾಡುಗಳನ್ನು ದಾದಾಲೋಲು, ಗ್ಯಾರೇಜಿನ ಹುಡುಗ, ಸಾಫಿನಾಜ್, ಜರ್ಮನ್ ಆಲ್ಬಂ, ರಪ್ತಿಯೆ ಈ ಕ್ರಮದಲ್ಲಿ ಕೇಳುವುದು ಒಳ್ಳೆಯದು. 1970ರಿಂದ 1992ರವರೆಗಿನ ಆತನ ದನಿಯ ಏರಿಳಿತವೆಲ್ಲ ಈ ಐದರಲ್ಲಿ ಸಿಗುತ್ತದೆ. ಸಾಫಿನಾಜ್ ಒಂದನ್ನು ಮಾತ್ರ ನಡುವೆ ನಿಲ್ಲಿಸದೆ ಪೂರ್ತಿ ಕೇಳಬೇಕು.